ನಾವೇ ಬಳಿದ ಡಬ್ಬಿ

ನಮ್ಮ ಫೋನುಗಳಿಗೆ ಜೈಲು ಕಟ್ಟಿದವರು ನಾವೇ. ಯಾರೂ ಕೈ ತಿರುಚಿ ಕಟ್ಟಿಸಲಿಲ್ಲ. ಒಂದು ಕಪ್ ಚಹಾ ಹೆಚ್ಚಿಗೆ ಕೊಟ್ಟು ಕಟ್ಟಿಸಿದರು. ಅವತ್ತಿನ ಚಹಾದಲ್ಲಿ ಶುಂಠಿಯೂ ಇತ್ತು. ಶುಂಠಿಯ ವಾಸನೆ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ನಾನು ಕಳಕವ್ವ. ಕೇರಿಯಲ್ಲಿ ನನ್ನ ಬಾಯಿಗೆ ಹೆದರುವವರು ಬಹಳ ಮಂದಿ. ಆದರೆ ಆ ಹೊತ್ತಿಗೆ ಬಾಯಿ ಚಹಾ ಕುಡಿಯುವುದರಲ್ಲಿತ್ತು, ಏನೂ ಕೇಳಲಿಲ್ಲ.

ರಾಜೂರಿನಿಂದ ಗಜೇಂದ್ರಗಡಕ್ಕೆ ಹೋಗುವ ರಸ್ತೆಯ ಮಗ್ಗುಲಿಗೆ ಜಯತೀರ್ಥ ಸಾಹೇಬರ ಕಾರ್ಖಾನೆ ಇದೆ. ಕಾರ್ಖಾನೆ ಎಂದರೆ ಎರಡು ತಗಡಿನ ಶೆಡ್ಡು, ಮುಂದೆ ಒಂದು ಗಾಜಿನ ಆಫೀಸು. ಆಫೀಸಿಗೆ ಏಸಿ ಇದೆ. ಶೆಡ್ಡಿಗೆ ಕಿಟಕಿ ಇದೆ. ಪುಣೆಯಿಂದ ಪ್ಲಾಸ್ಟಿಕ್ ಡಬ್ಬಿಗಳು ಲಾರಿಯಲ್ಲಿ ಬರುತ್ತವೆ. ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳಿವೆಯಲ್ಲ, ಅವುಗಳ ಬುಡದಲ್ಲಿ ಕರೆಂಟಿನ ಸೂಕ್ಷ್ಮ ಸಾಮಾನು ಇಡುವುದು ಇಂಥ ಡಬ್ಬಿಗಳಲ್ಲಿ. ಅವುಗಳ ಒಳಮೈಗೆ ನಾವು ತಾಮ್ರ, ನಿಕ್ಕಲ್ ಪುಡಿ ಕಲಸಿದ ಬಣ್ಣ ಹೊಡೆಯುತ್ತೇವೆ. ಹೊರಗೆ ಕಪ್ಪು ಪ್ಲಾಸ್ಟಿಕ್, ಒಳಗೆ ಬೆಳ್ಳಿಯ ಹೊಳಪು. ಖಾಜಾಬಿಯ ಅಜ್ಜ ಓಣಿ ಓಣಿ ತಿರುಗಿ ತಾಮ್ರದ ಪಾತ್ರೆಗೆ ಕಲಾಯಿ ಹಾಕುತ್ತಿದ್ದನಂತೆ. ಹಾಗಾಗಿ ಅವಳು ಇದನ್ನೂ ಕಲಾಯಿ ಎಂದಳು. ಈಗ ಸುತ್ತಲ ಊರಿನವರೆಲ್ಲ ಕಲಾಯಿ ಕಾರ್ಖಾನೆ ಅನ್ನುತ್ತಾರೆ. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬೇರೆಯೇ ಹೆಸರಿದೆ. ಅದನ್ನು ಓದಿ ಮುಗಿಸುವುದರೊಳಗೆ ಸಾಹೇಬರ ಅಳಿಯ ಜಯಂತನೂ ನಡುವೆ ಒಮ್ಮೆ ಉಸಿರು ಎಳೆದುಕೊಳ್ಳುತ್ತಾನೆ. ಸಾಹೇಬರಿಗೆ ನಮ್ಮ ಹೆಸರು ಹಿಡಿಸುವುದಿಲ್ಲ.

ಡಬ್ಬಿಯ ಒಳಗನ್ನು ಮೊದಲು ಮರಳು ಕಾಗದದಿಂದ ತಿಕ್ಕಬೇಕು. ತಿಕ್ಕದಿದ್ದರೆ ಪ್ಲಾಸ್ಟಿಕ್ಕು ಲೋಹವನ್ನು ಹಿಡಿದುಕೊಳ್ಳುವುದಿಲ್ಲ. ಆಮೇಲೆ ಸ್ಪಿರಿಟ್ಟಿನಿಂದ ಒರೆಸಬೇಕು. ಬಣ್ಣ ಬೀಳಬಾರದ ಕಡೆಯೆಲ್ಲ ಟೇಪು ಅಂಟಿಸಬೇಕು. ಬಣ್ಣದ ಗನ್ನು ಹಿಡಿದು ಮೂಲೆ ಮೂಲೆಗೂ ತೆಳ್ಳಗೆ ಹೊಡೆಯಬೇಕು. ಕೂದಲೆಳೆಯಷ್ಟು ಜಾಗ ಬಿಟ್ಟರೂ ಡಬ್ಬಿ ವಾಪಸು. ಕಾದ ಒಲೆಯಲ್ಲಿಟ್ಟು ತೆಗೆದು, ತಣ್ಣಗಾದ ಮೇಲೆ ಟೇಪು ಕೀಳಬೇಕು. ಟೇಪು ಕಿತ್ತು ಕಿತ್ತು ನಮ್ಮ ಉಗುರುಗಳು ಅರ್ಧಕ್ಕೆ ಬಂದಿವೆ. ಸೀನಿದರೆ ಬೂದು ಬಣ್ಣದ ಸಿಂಬಳ. ಮಧ್ಯಾಹ್ನ ರೊಟ್ಟಿ ಮುರಿದು ಬಾಯಿಗಿಟ್ಟರೆ ನಾಣ್ಯ ಚೀಪಿದಂತಾಗುತ್ತದೆ. ಮೂಗಿಗೆ ಹಾಕುವ ಒಳ್ಳೆಯ ಮಾಸ್ಕುಗಳು ಆಫೀಸಿನ ಕಪಾಟಿನಲ್ಲಿವೆ. ಪುಣೆಯವರು ನೋಡಲು ಬಂದ ದಿನ ಅವನ್ನು ನಮಗೆ ಹಾಕಿಸುತ್ತಾರೆ. ಅವರು ಹೋದ ಮೇಲೆ ನಮ್ಮ ಕೈಯಿಂದಲೇ ಒರೆಸಿ ಕಪಾಟಿಗೆ ಇಡಿಸುತ್ತಾರೆ.

ಜಯತೀರ್ಥ ಸಾಹೇಬರು ಬೈಯುವ ಮನುಷ್ಯರಲ್ಲ. ಅದೇ ಕಷ್ಟ. ಬೈದರೆ ತಿರುಗಿ ಬೈಯಬಹುದು. ಅವರು ಎಲ್ಲರನ್ನೂ ಅವ್ವ ಎಂದು ಕರೆಯುತ್ತಾರೆ. ನೀವೆಲ್ಲ ನಮ್ಮ ಮನೆಯವರಿದ್ದ ಹಾಗೆ ಎನ್ನುತ್ತಾರೆ. ಮನೆಯವರು ಆಫೀಸಿನ ಫಿಲ್ಟರಿನ ನೀರು ಕುಡಿಯಬಾರದು, ಆಫೀಸಿನ ಸಂಡಾಸಕ್ಕೆ ಹೋಗಬಾರದು, ಅಷ್ಟೇ. ನಮ್ಮದು ಊರ ಹೊರಗಿನ ಕೇರಿ, ಕಾರಣ ಹೇಳಬೇಕಿಲ್ಲ. ಖಾಜಾಬಿ ನಡು ಓಣಿಯವಳು, ಆದರೂ ಆ ಫಿಲ್ಟರಿನ ನೀರು ಅವಳಿಗೂ ಸಿಕ್ಕಿಲ್ಲ. ಈ ವಿಷಯದಲ್ಲಿ ಸಾಹೇಬರು ಭೇದಭಾವ ಮಾಡುವವರಲ್ಲ ಎಂದು ನಾನು ಅವಳಿಗೆ ಹೇಳುತ್ತಿರುತ್ತೇನೆ. ನಾವು ಬಾಟಲಿಯಲ್ಲಿ ಮನೆಯಿಂದಲೇ ನೀರು ಒಯ್ಯುತ್ತೇವೆ.

ಈ ಕಲಾಯಿ ಯಾಕೆ ಹಾಕುವುದು ಎಂದು ಸಾಹೇಬರು ಮೊದಲ ದಿನವೇ ಭಾಷಣ ಮಾಡಿದ್ದರು. ಗಾಳಿಯಲ್ಲಿ ಕಣ್ಣಿಗೆ ಕಾಣದ ಅಲೆಗಳಿವೆ. ಅವು ಪ್ಲಾಸ್ಟಿಕ್ಕನ್ನು ದಾಟುತ್ತವೆ, ಲೋಹವನ್ನು ದಾಟುವುದಿಲ್ಲ. ಹೊರಗಿನ ಅಲೆ ಒಳಗೆ ಬಂದರೆ ಯಂತ್ರ ತಲೆ ಕೆಡಿಸಿಕೊಳ್ಳುತ್ತದೆ. ಇಷ್ಟನ್ನು ಅರ್ಧ ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದರು. ನಮ್ಮಲ್ಲಿ ಹಿರಿಯಳಾದ ಉಡಚವ್ವ ಎಲ್ಲ ಕೇಳಿ, ಹೊರಗೆ ಬಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು. ಗುಡ್ಡದ ಮೇಲೆ ಸಿಡಿಲು ಹೆಚ್ಚು, ಡಬ್ಬಿಗೆ ಸಿಡಿಲು ಬಡಿಯಬಾರದೆಂದು ಇದನ್ನು ಹಚ್ಚುವುದು. ನಾವೆಲ್ಲ ಒಪ್ಪಿದೆವು. ಕಾಣದ ಅಲೆಗಿಂತ ಕಂಡ ಸಿಡಿಲನ್ನು ನಂಬುವುದು ಸುಲಭ. ಎರಡು ವರ್ಷ ನಾವು ಸಿಡಿಲಿಗೆ ಕಲಾಯಿ ಹಾಕಿದೆವು.

ಇನ್ನು ನೀರಿನ ವಿಷಯ. ನಮ್ಮೂರಿಗೆ ನಲ್ಲಿ ನೀರು ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಬರುತ್ತದೆ. ಹೇಳಿ ಬರುವುದಿಲ್ಲ. ಮೊದಲು ಮೇಲಿನ ಓಣಿ, ಆಮೇಲೆ ನಡು ಓಣಿ, ಪೈಪಿನ ತುದಿಗೆ ನಮ್ಮ ಕೇರಿ. ನಮ್ಮಲ್ಲಿಗೆ ಬರುವ ಹೊತ್ತಿಗೆ ನೀರಿಗೂ ದಣಿವಾಗಿರುತ್ತದೆ, ಸಣ್ಣಗೆ ಬಂದು ಬೇಗ ನಿಲ್ಲುತ್ತದೆ. ಅದಕ್ಕೆ ಕೇರಿಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೆವು. ನೀರಗಂಟಿ ನಿಂಗಪ್ಪ ಮೇಲಿನ ಓಣಿಗೆ ನೀರು ಬಿಟ್ಟ ಕೂಡಲೇ ಕೇರಿಗೆ ಕೂಗಿ ಹೇಳುತ್ತಾನೆ. ಮನೆಯಲ್ಲಿದ್ದವರು ಕೆಲಸಕ್ಕೆ ಹೋದವರ ಫೋನಿಗೆ ರಿಂಗು ಕೊಡುತ್ತಾರೆ. ಎತ್ತಬೇಕಿಲ್ಲ. ಕೆಲಸದ ಹೊತ್ತಿನಲ್ಲಿ ರಿಂಗಾದರೆ ನೀರು ಬಂತೆಂದೇ ಅರ್ಥ. ಖಾಜಾಬಿಯ ಮನೆಯವರೂ ಹಾಗೇ ಮಾಡುತ್ತಿದ್ದರು. ಕಾರ್ಖಾನೆಯಿಂದ ಊರು ಹತ್ತಿರ. ನಾವು ಓಡಿ ಹೋಗಿ, ತುಂಬಿಟ್ಟು, ಓಡಿ ಬರುತ್ತಿದ್ದೆವು. ಹೋದ ಹೊತ್ತಿನ ಕೆಲಸವನ್ನು ಸಂಜೆ ಕೂತು ಮುಗಿಸಿಕೊಡುತ್ತಿದ್ದೆವು.

ಉಡಚವ್ವನ ಮಗಳು ರೂಪಾಳನ್ನು ಬೆಳವಣಕಿಗೆ ಕೊಟ್ಟಿದೆ. ಚೊಚ್ಚಲ ಬಸಿರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಗಂಡಸರು ಗೋವಾದ ಕೆಲಸಕ್ಕೆ, ಹೆಂಗಸರು ಹೊಲಕ್ಕೆ, ಕಾರ್ಖಾನೆಗೆ. ಹಗಲು ಕೇರಿಗೆ ಅವಳದೇ ಪಹರೆ. ರಿಂಗು ಕೊಡುವ ಕೆಲಸ ನಿನ್ನದು, ಕೊಡ ಎತ್ತುವ ಕೆಲಸ ನಿನ್ನದಲ್ಲ ಎಂದು ಉಡಚವ್ವ ದಿನಾ ಬೆಳಿಗ್ಗೆ ಹೇಳಿ ಬರುತ್ತಿದ್ದಳು. ಮಗಳ ಹಟ ಗೊತ್ತಿದ್ದುದರಿಂದ ಬಾಗಿಲ ತನಕ ಹೋದವಳು ತಿರುಗಿ ನಿಂತು ಇನ್ನೊಮ್ಮೆ ಹೇಳುತ್ತಿದ್ದಳು. ರೂಪಾ ತಾಯಿಯ ಫೋನಿಗೆ ಕೋಳಿ ಕೂಗುವ ರಿಂಗು ಹಾಕಿಕೊಟ್ಟಿದ್ದಳು. ಯಂತ್ರಗಳ ಗದ್ದಲದಲ್ಲೂ ಕೇಳಲಿ ಎಂದು.

ಮೊದಲು ನಮ್ಮ ಫೋನುಗಳು ಶೆಡ್ಡಿನ ಗೂಟಕ್ಕೆ ತೂಗಿದ ಚೀಲದಲ್ಲಿರುತ್ತಿದ್ದವು. ಕೋಳಿ ಕೂಗಿದರೆ ಗನ್ನು ಕೆಳಗಿಟ್ಟು ಎಲ್ಲರೂ ಏಳುವುದು ಸಾಹೇಬರಿಗೆ ಸರಿಬರಲಿಲ್ಲ. ಏನೂ ಅನ್ನಲಿಲ್ಲ. ಒಂದು ದಿನ ದೊಡ್ಡದೊಂದು ಡಬ್ಬಿ ತಂದುಕೊಟ್ಟು, ಇದು ವಿಶೇಷ ಆರ್ಡರು, ಎರಡು ಕೈ ಬಣ್ಣ ಹೊಡೆಯಿರಿ, ಮುಚ್ಚಳದ ಅಂಚಿಗೆ ತಾಮ್ರದ ಜಾಳಿಗೆ ಪಟ್ಟಿ ಕೂರಿಸಿರಿ ಎಂದರು. ಶುಂಠಿ ಚಹಾ ಬಂದದ್ದು ಅವತ್ತೇ. ನಾನು ಟೇಪು ಅಂಟಿಸಿದೆ. ಖಾಜಾಬಿ ಒಳಮೈ ತಿಕ್ಕಿದಳು. ಉಡಚವ್ವ ಬಣ್ಣ ಹೊಡೆದಳು. ಅಷ್ಟು ಚಂದದ ಕೆಲಸ ನಾವು ಅದಕ್ಕೆ ಮೊದಲು ಮಾಡಿರಲಿಲ್ಲ. ಮರುದಿನ ನೋಡಿದರೆ ಡಬ್ಬಿ ಶೆಡ್ಡಿನ ಗೋಡೆಯ ಮೇಲೆ, ಅದಕ್ಕೊಂದು ಕೀಲಿ. ಸಾಹೇಬರು ಬಾಗಿಲಲ್ಲಿ ಸ್ಟೀಲಿನ ತಟ್ಟೆ ಹಿಡಿದು ನಿಂತಿದ್ದರು. ಧೂಳಿಗೆ ನಿಮ್ಮ ಫೋನು ಕೆಡುತ್ತವೆ ಅವ್ವ, ಇದರಲ್ಲಿ ಸುರಕ್ಷಿತ ಇರುತ್ತವೆ ಎಂದರು. ಅವರ ಫೋನು, ಜಯಂತನ ಫೋನು ಜೇಬಿನಲ್ಲೇ ಉಳಿದವು. ನಾವು ತಟ್ಟೆಗೆ ಫೋನು ಹಾಕಿ ಕೈ ಮುಗಿದೆವು. ಆ ಕೈ ಮುಗಿದದ್ದು ನೆನಪಾದರೆ ಈಗಲೂ ಸಿಟ್ಟು ಬರುತ್ತದೆ, ನನ್ನ ಕೈಗಳ ಮೇಲೆಯೇ.

ಅದೇ ವಾರ ನೀರು ಬಂತು. ನಮಗೆ ಗೊತ್ತಾದದ್ದು ಸಂಜೆ ಮನೆಗೆ ಹೋದ ಮೇಲೆ. ರೂಪಾ ತಾಯಿಗೆ ರಿಂಗು ಕೊಟ್ಟಳು. ನನಗೆ ಕೊಟ್ಟಳು. ಹೊಲಕ್ಕೆ ಹೋದವರು ದೂರ, ಅವರು ಬರುವಷ್ಟರಲ್ಲಿ ನೀರು ನಿಲ್ಲುತ್ತದೆ. ನಲ್ಲಿ ಸುರಿಯುತ್ತಿತ್ತು, ಯಾರೂ ಬರಲಿಲ್ಲ. ತಡೆಯಲಾರದೆ ತಾನೇ ಕೊಡ ಎತ್ತಿದಳು. ಎತ್ತುತ್ತ ಹೋದಳು. ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳಂತೆ. ಹೊಲದಿಂದ ಬಂದವರೊಬ್ಬರು ದವಾಖಾನೆಗೆ ಕರೆದೊಯ್ದರು. ದೇವರ ದಯೆ, ಕೂಸಿಗೇನೂ ಆಗಲಿಲ್ಲ. ಇನ್ನೊಮ್ಮೆ ಭಾರ ಎತ್ತಿದರೆ ಕೂಸು ಉಳಿಯುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ತಾಯಿ ಮಗಳ ಜಗಳ ನೋಡಲಾಗುತ್ತಿರಲಿಲ್ಲ. ಉಡಚವ್ವ ಫೋನು ತೆಗೆದು ತೋರಿಸಿದಳು. ಒಂದೂ ರಿಂಗು ಬಂದದ್ದಿಲ್ಲ. ನೀನು ಕರೆಯಲೇ ಇಲ್ಲ, ಹಟಕ್ಕೆ ಬಿದ್ದು ಕೊಡ ಎತ್ತಿ ಈಗ ಸುಳ್ಳು ಹೇಳುತ್ತೀಯ ಎಂದಳು. ರೂಪಾ ತನ್ನ ಫೋನು ತೋರಿಸಿದಳು. ಉದ್ದಕ್ಕೂ ತಾಯಿಯ ಹೆಸರು. ಕರೆದಾಗಲೆಲ್ಲ ವ್ಯಾಪ್ತಿಯ ಹೊರಗಿದ್ದಾರೆ ಎಂದು ಯಾವಳೋ ಹೇಳಿದಳಂತೆ. ನೀನೇ ಬಂದ್ ಮಾಡಿ ಇಟ್ಟಿದ್ದೆ ಎಂದು ರೂಪಾ ಅತ್ತಳು. ಇಬ್ಬರ ಕೈಯಲ್ಲೂ ಸಾಕ್ಷಿ ಇತ್ತು, ಇಬ್ಬರೂ ಒಬ್ಬರನ್ನೊಬ್ಬರು ನಂಬಲಿಲ್ಲ.

ಕೊನೆಗೆ ನಾವೇ ಒಬ್ಬ ಕಳ್ಳನನ್ನು ಹುಡುಕಿದೆವು. ಗುಡ್ಡದ ಮೇಲಿನ ಗಾಳಿಯಂತ್ರ. ಆ ರೆಕ್ಕೆಗಳು ತಿರುಗುವಾಗ ಫೋನಿನ ಸಿಗ್ನಲ್ ಕತ್ತರಿಸಿ ಹಾಕುತ್ತವೆ ಎಂದು ಊರಲ್ಲಿ ಮೊದಲೇ ಮಾತಿತ್ತು. ಮಳೆ ಓಡಿಸಿದ ಆರೋಪವೂ ಅವುಗಳ ಮೇಲಿತ್ತು, ಇದು ಇನ್ನೊಂದು. ಮರುದಿನದಿಂದ ದಾರಿಯುದ್ದ ಗುಡ್ಡದ ಕಡೆ ಮುಖ ಮಾಡಿ ಬೈದುಕೊಂಡೇ ಕೆಲಸಕ್ಕೆ ಹೋದೆವು. ನಾನು ಬೈದ ಬೈಗುಳಕ್ಕೆ ಒಂದೆರಡು ಯಂತ್ರ ನಿಂತವು ಎಂದು ಖಾಜಾಬಿ ಹೇಳುತ್ತಾಳೆ, ಅವತ್ತು ಗಾಳಿ ಇರಲಿಲ್ಲ. ಸಾಹೇಬರನ್ನೂ ಕೇಳಿದೆವು. ಅವರು ನಮ್ಮ ಮುಖವನ್ನೆಲ್ಲ ಒಮ್ಮೆ ನೋಡಿದರು.

"ಹೌದವ್ವ, ಆ ಫ್ಯಾನು ತಿರಗೋ ಮುಂದ ಸಿಗ್ನಲ್ ಕತ್ತರಿಸ್ತಾವ. ನಾವೇನ್ ಮಾಡ್ಲಿಕ್ಕೆ ಬರ್ತದ?" ಎಂದರು.

ಓದಿದ ಮನುಷ್ಯ. ಗೊತ್ತಿದ್ದ ಮನುಷ್ಯ. ನಮ್ಮ ತಪ್ಪು ತಿಳುವಳಿಕೆಯನ್ನು ಕಂಡು, ಅದು ತಮಗೆ ಅನುಕೂಲವೆಂದು ಕಂಡು, ಅದಕ್ಕೂ ಒಂದು ಕೈ ಬಣ್ಣ ಹೊಡೆದರು. ಇದನ್ನು ನಾನು ಕ್ಷಮಿಸುವುದಿಲ್ಲ.

ನಮ್ಮ ಕಣ್ಣು ತೆರೆಸಿದವನು ಜಯಂತ. ಬೇಕೆಂದು ತೆರೆಸಿದ್ದಲ್ಲ. ಅವನು ಕೈಯಲ್ಲಿ ಫೋನಿಲ್ಲದೆ ಉಸಿರಾಡಲಾರದ ಹುಡುಗ. ತಯಾರಾದ ಡಬ್ಬಿಗಳನ್ನು ತಪಾಸಣೆ ಮಾಡುತ್ತ ಯಾವುದರಲ್ಲೋ ಫೋನು ಇಟ್ಟು ಮುಚ್ಚಳ ಹಾಕಿ ಮರೆತ. ಆಮೇಲೆ ಶೆಡ್ಡೆಲ್ಲ ಹುಡುಕಿದ. ನಮ್ಮ ಸೆರಗು ಝಾಡಿಸಿ ತೋರಿಸಲು ಹೇಳಿದ. ನಾವು ಝಾಡಿಸಿದೆವು. ಆಫೀಸಿನ ಫೋನಿನಿಂದ ತನ್ನ ನಂಬರ್ ಒತ್ತಿ ಶೆಡ್ಡಿನ ಬಾಗಿಲಲ್ಲಿ ಕಿವಿಗೊಟ್ಟು ನಿಂತ. ಎಲ್ಲೂ ರಿಂಗಿಲ್ಲ. ಖಾಜಾಬಿ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸಲು ಮುಚ್ಚಳ ತೆಗೆದಳು. ಅದರೊಳಗೆ ಫೋನಿತ್ತು. ಮುಚ್ಚಳ ತೆಗೆದ ಸ್ವಲ್ಪ ಹೊತ್ತಿಗೆ ಅದು ಟಿಣ್ ಟಿಣ್ ಎಂದು ಬಾಯಿ ಬಿಟ್ಟಿತು. ಜಯಂತ ಫೋನು ಎತ್ತಿಕೊಂಡು ನಗುತ್ತ ಹೋದ. ಸೆರಗು ಝಾಡಿಸಿದ್ದಕ್ಕೆ ಒಂದು ಮಾತು ಹೇಳಲಿಲ್ಲ.

ಉಡಚವ್ವ ಗೋಡೆಯ ಮೇಲಿನ ಡಬ್ಬಿಯನ್ನು ನೋಡುತ್ತಿದ್ದಳು. ನಾನೂ ನೋಡಿದೆ. ಎರಡು ಕೈ ಬಣ್ಣ. ತಾಮ್ರದ ಪಟ್ಟಿ. ಗುಡ್ಡದ ಮೇಲಿನ ಪಾಪದ ಯಂತ್ರಗಳಿಗೆ ನಾವು ಸುಮ್ಮನೆ ಬೈದಿದ್ದೆವು.

ನಾವು ಆಫೀಸಿನ ಗಾಜಿನ ಬಾಗಿಲ ಹೊರಗೆ ನಿಂತು ಕೇಳಿದೆವು. ಸಾಹೇಬರು ಇಲ್ಲ ಎನ್ನಲಿಲ್ಲ. ಕೆಲಸದ ಹೊತ್ತಿನಲ್ಲಿ ಫೋನು ಯಾಕೆ ಬೇಕು, ಮುಖ್ಯವಾದ ಕರೆಯಿದ್ದರೆ ಆಫೀಸಿನ ನಂಬರಿಗೆ ಬರಲಿ, ನಾನೇ ಬಂದು ಹೇಳುತ್ತೇನೆ ಎಂದರು. ಅದೂ ಸರಿ ಅನ್ನಿಸಿತು. ಉಡಚವ್ವ ಆ ನಂಬರನ್ನು ಮಗಳಿಗೆ ಕೊಟ್ಟಳು, ಡಬ್ಬಿಯ ಕಥೆ ಹೇಳಿದಳು. ರೂಪಾ ತಾಯಿಯ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು.

ಮುಂದಿನ ಸಲ ನೀರು ಬಂತು. ರೂಪಾ ಆಫೀಸಿಗೆ ಕರೆ ಮಾಡಿದಳು. ಸಾಹೇಬರೇ ಎತ್ತಿದರು. ಹೇಳುತ್ತೇನೆ ಎಂದರು. ಹೇಳಿದರು ಕೂಡ. ಸಂಜೆ ನಾವು ಗೇಟು ದಾಟುವಾಗ ತಾವಾಗಿಯೇ ಹೊರಗೆ ಬಂದು ಹೇಳಿದರು.

"ಉಡಚವ್ವ, ಮಧ್ಯಾಹ್ನ ನಿನ್ನ ಮಗಳು ಫೋನ್ ಮಾಡಿದ್ಲು. ನೀರು ಬಂದದಂತ."

ನಾನು ಅವರ ಮುಖ ನೋಡಿದೆ. ಅದರಲ್ಲಿ ಕಪಟವೇ ಇರಲಿಲ್ಲ. ನೀರು ಅವರ ಲೆಕ್ಕದಲ್ಲಿ ಮುಖ್ಯವಾದ ಕರೆಯಲ್ಲ. ಅವರ ಮನೆಯ ನಲ್ಲಿಯಲ್ಲಿ ದಿನಾ ಬರುತ್ತದೆ.

ಆ ಸಲ ರೂಪಾ ಕೊಡ ಮುಟ್ಟಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಲ್ಲಿಯ ಎದುರು ಕೂತು, ಬಂದ ನೀರು ಗಟಾರಕ್ಕೆ ಹೋಗಿ ನಿಲ್ಲುವ ತನಕ ನೋಡಿದಳಂತೆ. ನಾವು ಅವತ್ತಿನಿಂದ ಕೆಲಸ ಬಿಟ್ಟ ಮೇಲೆ ದೂರದ ಹೊಲವೊಂದರ ಬೋರಿಗೆ ಹೋಗಿ, ಹೊಲದವರ ಮಾತು ಕೇಳಿ, ತಲೆಯ ಮೇಲೆ ಹೊತ್ತು ತಂದೆವು. ಇಡೀ ದಿನ ನಿಂತ ಕಾಲು, ಬಣ್ಣ ಹೊಡೆದ ಹೆಗಲು, ಅದರ ಮೇಲೆ ಕೊಡ. ರೂಪಾ ತಾಯಿಯ ಜೊತೆ ಮಾತು ಬಿಟ್ಟಳು. ನಿನ್ನ ಕಾರ್ಖಾನೆ ನಿನಗೆ ದೊಡ್ಡದು ಎಂದದ್ದೇ ಕಡೆಯ ಮಾತು. ಅವಳ ಕುಬಸದ ದಿನ ಗೊತ್ತಾಗಿತ್ತು. ಚೊಚ್ಚಲ ಬಸಿರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಬಂದವರಿಗೆ ಉಣ್ಣಿಸುವ ಕಾರ್ಯ. ಬೆಳವಣಕಿಯ ಬೀಗರು ಗಾಡಿ ಮಾಡಿಕೊಂಡು ಬರುವವರಿದ್ದರು. ನೀರಿಲ್ಲದ ಮನೆಯಲ್ಲಿ ಯಾರನ್ನು ಕೂರಿಸಿ ಏನು ಬಡಿಸುವುದು? ಇನ್ನೊಂದು ಸಲ ನೀರು ತಪ್ಪಿದರೆ ರೂಪಾ ಹಟಕ್ಕೆ ಬಿದ್ದು ಮತ್ತೆ ಕೊಡ ಎತ್ತುತ್ತಾಳೆ ಎಂಬ ಹೆದರಿಕೆ ಉಡಚವ್ವನನ್ನು ತಿನ್ನುತ್ತಿತ್ತು.

ಕುಬಸ ರವಿವಾರ. ಪುಣೆಯಿಂದ ನಮ್ರತಾ ಮೇಡಂ ತಪಾಸಣೆಗೆ ಬಂದದ್ದು ಗುರುವಾರ. ನೀರು ಬಂದು ವಾರ ದಾಟಿತ್ತು. ಅವತ್ತೋ ಮರುದಿನವೋ ಬರಲೇಬೇಕು.

ಬೆಳಿಗ್ಗೆ ಸಾಹೇಬರು ತಟ್ಟೆ ಹಿಡಿದು ನಿಂತಿದ್ದರು. ಉಡಚವ್ವ ಪ್ರಸಾದ ಬೇಡವೆನ್ನುವವರ ಹಾಗೆ ಕೈ ಅಡ್ಡ ಮಾಡಿ ಮುಂದೆ ನಡೆದಳು. ಫೋನು ಅವಳ ಕುಪ್ಪಸದೊಳಗಿತ್ತು. ನಾನೂ ನಡೆದೆ. ಖಾಜಾಬಿ ನಡೆದಳು. ಹಿಂದಿದ್ದವರು ತಟ್ಟೆಯನ್ನು ನೋಡಿದರು, ನಮ್ಮನ್ನು ನೋಡಿದರು, ನಮ್ಮ ಹಿಂದೆ ಬಂದರು. ಅವ್ವಾ, ಮರೆತೆಯೇನು ಎಂದು ಸಾಹೇಬರು ಮೆತ್ತಗೆ ಕೇಳಿದರು. ಮರೆತಿಲ್ಲ ಎಂದು ಉಡಚವ್ವ ಇನ್ನೂ ಮೆತ್ತಗೆ ಹೇಳಿದಳು. ಅಷ್ಟರಲ್ಲಿ ಮೇಡಂ ಕಾರು ಗೇಟಿಗೆ ಬಂತು. ಸಾಹೇಬರು ತಟ್ಟೆಯನ್ನು ಬೆನ್ನ ಹಿಂದೆ ಹಿಡಿದು ನಗುಮುಖ ಮಾಡಿಕೊಂಡರು.

ಕಪಾಟಿನಿಂದ ಮಾಸ್ಕುಗಳು ಬಂದವು. ನಾವು ಹಾಕಿಕೊಂಡೆವು. ಬಣ್ಣಕ್ಕೆ ಗಟ್ಟಿಯಾಗುವ ಔಷಧ ಬೆರೆಸಿದೆವು. ಅದನ್ನು ಬೆರೆಸಿದ ಮೇಲೆ ಬಣ್ಣ ಯಾರ ಮಾತನ್ನೂ ಕೇಳುವುದಿಲ್ಲ. ಕೆಲವೇ ಗಂಟೆಗಳಲ್ಲಿ ಹೊಡೆದು ಮುಗಿಸಬೇಕು, ಇಲ್ಲದಿದ್ದರೆ ಬಕೀಟಿನಲ್ಲೇ ಕಲ್ಲಾಗುತ್ತದೆ. ಮೇಡಂ ತಮ್ಮ ಕಣ್ಣೆದುರು ಹೊಡೆದ ಡಬ್ಬಿಗಳನ್ನು ಅವತ್ತೇ ಪುಣೆಗೆ ಒಯ್ಯುವವರಿದ್ದರು. ಅದು ಒಪ್ಪಿಗೆಯಾದರೆ ಸಾಹೇಬರಿಗೆ ದೊಡ್ಡ ಆರ್ಡರು.

ಮೊದಲು ಹಳೆಯ ಡಬ್ಬಿಯೊಂದನ್ನು ಮೇಡಂ ಎತ್ತಿಕೊಂಡರು. ಮೀಟರಿನ ಎರಡು ಸೂಜಿ ಊರಿ ನೋಡಿದರು. ಆಮೇಲೆ ಒಂದು ಫೋನು ಕೊಡಿ, ಒಳಗಿಟ್ಟು ಕರೆದು ನೋಡೋಣ ಎಂದರು. ಸಾಹೇಬರ ಕಣ್ಣು ಹೊಳೆಯಿತು. ನೇರ ಉಡಚವ್ವನ ಕಡೆ ತಿರುಗಿ, ನಿನ್ನ ಫೋನು ಕೊಡು ಅವ್ವ ಎಂದರು.

ಉಡಚವ್ವ ಮಾಸ್ಕನ್ನು ಗದ್ದಕ್ಕೆ ಇಳಿಸಿದಳು.

"ಕೊಡಂಗಿಲ್ರಿ."

ಒಂದು ನಿಮಿಷದ ಕೆಲಸ ಎಂದು ಸಾಹೇಬರು ಮೇಡಂ ಕಡೆ ನೋಡಿ ನಕ್ಕರು.

"ಆ ಒಂದ ನಿಮಿಷದಾಗ ನೀರ ಬಂದ್ರ?" ಎಂದಳು ಉಡಚವ್ವ. "ನನ್ನ ಮಗಳು ಕರದೂ ಕರದೂ ಸಾಕಾಗಿ ಹೊಟ್ಟಿ ಹಿಡ್ಕೊಂಡು ನೆಲಕ್ಕ ಕುಂತಾಗ ನನ್ನ ಫೋನು ನಿಮ್ಮ ಡಬ್ಬ್ಯಾಗ ಇತ್ರಿ. ಇನ್ನ ಸಾಕು. ನಿಮ್ಮದ ಹಾಕ್ರಿ."

ಸಾಹೇಬರು ನನ್ನ ಕಡೆ ತಿರುಗಿದರು. ನನ್ನ ಮುಖದಲ್ಲಿ ಏನು ಕಂಡಿತೋ, ಕೇಳಲಿಲ್ಲ. ಖಾಜಾಬಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸೂರು ನೋಡುತ್ತಿದ್ದಳು. ಮೇಡಂ ಕೈ ನೀಡಿಕೊಂಡೇ ನಿಂತಿದ್ದರು. ಸಾಹೇಬರು ತಮ್ಮ ಜೇಬಿಗೆ ಕೈ ಹಾಕಿದರು. ದೊಡ್ಡ ಫೋನು, ಚರ್ಮದ ಚೀಲದಲ್ಲಿತ್ತು. ಅದನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದರು. ಮೇಡಂ ಕರೆದರು. ರಿಂಗಿಲ್ಲ. ಇನ್ನೊಮ್ಮೆ ಕರೆದರು. ಇಲ್ಲ. ಕೆಲಸ ಬಹಳ ಚೆನ್ನಾಗಿದೆ ಎಂದು ನಮ್ಮೆಲ್ಲರ ಕಡೆ ನೋಡಿ ಹೇಳಿದರು. ಹೊಗಳಿಕೆ ಕೇಳಿ ನನಗೆ ನಗು ಬಂತು, ಮಾಸ್ಕು ಇದ್ದುದರಿಂದ ಯಾರಿಗೂ ಕಾಣಲಿಲ್ಲ.

ಆಗ ಉಡಚವ್ವನ ಎದೆಯೊಳಗಿಂದ ಕೋಳಿ ಕೂಗಿತು.

ಅವಳು ಫೋನು ತೆಗೆದು ನೋಡಿದಳು. ಗನ್ನು ಕೆಳಗಿಟ್ಟಳು. ಕೈಗವಸು ಕಳಚಿ ಅದರ ಮಗ್ಗುಲಿಗಿಟ್ಟಳು. ನಾವೂ ಇಟ್ಟೆವು. ಸಾಹೇಬರು ಮೊದಲ ಸಲ ದನಿ ಏರಿಸಿದರು. ಬಣ್ಣ ಬೆರೆಸಿಟ್ಟಿದೆ, ಈಗ ಹೋದವರು ನಾಳೆ ಬರುವುದು ಬೇಡ ಎಂದರು. ಅವ್ವ ಎನ್ನಲಿಲ್ಲ. ಸುಳ್ಳು ಯಾಕೆ ಹೇಳಲಿ, ಕಾಲು ಒಂದು ಕ್ಷಣ ಏಳಲಿಲ್ಲ. ನನ್ನ ಮನೆಯ ಒಲೆ ಉರಿಯುವುದು ಈ ಕೆಲಸದಿಂದ. ಆದರೆ ಉಡಚವ್ವ ಬಾಗಿಲು ದಾಟಿ ಆಗಿತ್ತು. ಅವಳನ್ನು ಒಬ್ಬಳೇ ಹೋಗಲು ಬಿಟ್ಟರೆ ಆಮೇಲೆ ನನಗೆ ನನ್ನ ಬಾಯಿಯಿಂದ ಯಾರಿಗೂ ಬೈಯಲು ಬರುವುದಿಲ್ಲ ಅನ್ನಿಸಿತು. ನಡೆದೆ. ಈ ಡಬ್ಬಿಗಳಿಗೆ ಯಾರು ಬಣ್ಣ ಹೊಡೆಯುತ್ತಾರೆ ಎಂದು ಮೇಡಂ ಹಿಂದೆ ಕೇಳುತ್ತಿದ್ದರು. ಉತ್ತರ ಕೇಳಲು ನಾವು ನಿಲ್ಲಲಿಲ್ಲ.

ಓಡಿದೆವು. ಖಾಜಾಬಿ ನಡು ಓಣಿಗೆ ತಿರುಗಿದಳು, ನಾವು ಕೇರಿಗೆ. ರೂಪಾ ನಲ್ಲಿಯ ಹತ್ತಿರ ನಿಂತಿದ್ದಳು. ಕೊಡ ಅರ್ಧ ತುಂಬಿತ್ತು, ಅವಳ ಕೈ ಕೊಡದ ಕಂಠದ ಮೇಲಿತ್ತು. ಉಡಚವ್ವ ಆ ಕೈಯನ್ನು ಬಿಡಿಸಿ ಬದಿಗಿಟ್ಟಳು. ರೂಪಾ ಹಿಂದಕ್ಕೆ ಸರಿದು ಗೋಡೆಗೆ ಒರಗಿ ಕೂತಳು. ನಾವು ಸಾಲು ಹಿಡಿದೆವು. ಕೊಡ, ಬಕೀಟು, ಡ್ರಮ್ಮು, ಬೋಗುಣಿ, ನೀರು ನಿಲ್ಲುವಂಥದ್ದೆಲ್ಲ ತುಂಬಿತು. ಖಾಜಾಬಿ ತನ್ನ ಮನೆಯದು ಮುಗಿಸಿ ನಮ್ಮ ಸಾಲಿಗೆ ಬಂದಳು. ಸೀರೆ ಮೊಣಕಾಲ ತನಕ ಒದ್ದೆ. ಹೊಲದಿಂದ ಬಂದವರು ಸೇರಿಕೊಂಡರು. ನಿಂಗಪ್ಪ ಮೇಲಿನ ವಾಲ್ವನ್ನು ಇನ್ನೂ ಸ್ವಲ್ಪ ತಿರುಗಿಸಿರಬೇಕು, ಅವತ್ತು ನೀರು ಎಂದಿಗಿಂತ ಜೋರಾಗಿಯೇ ಬಂತು.

ಡಾಂಬರು ಮುಗಿಯುವಲ್ಲಿ ಸಾಹೇಬರ ಕಾರು ನಿಂತಿತು. ಕಾರ್ಖಾನೆ ತೆರೆದಾಗಿನಿಂದ ಅವರು ನಮ್ಮ ಕೇರಿಗೆ ಬಂದವರಲ್ಲ. ಪ್ಯಾಂಟು ಮೇಲೆತ್ತಿ ಹಿಡಿದು, ಕೆಸರು ತಪ್ಪಿಸುತ್ತ ನಲ್ಲಿಯ ತನಕ ಬಂದರು. ಮನೆಗೆ ಬಂದವರು ಬಂದವರೇ ಎಂದು ರೂಪಾ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು. ಅವರು ಕೂರಲಿಲ್ಲ. ಬಣ್ಣ ದಪ್ಪಗಾಗುತ್ತಿದೆ, ಮೇಡಂ ಕಾಯುತ್ತಿದ್ದಾರೆ, ಸಿಟ್ಟಿನಲ್ಲಿ ಏನೋ ಅಂದೆ, ಬನ್ನಿ ಎಂದರು. ಮತ್ತೆ ಅವ್ವ ಎಂದರು.

"ನೀರ ನಿಂತಮ್ಯಾಲೆ ಬರ್ತೀವ್ರಿ," ಎಂದಳು ಉಡಚವ್ವ. ತಲೆಯ ಮೇಲೆ ಕೊಡ ಇತ್ತು, ನಿಲ್ಲಲಿಲ್ಲ.

ಸಾಹೇಬರು ಕುರ್ಚಿಯಲ್ಲಿ ಕೂತರು. ನಾವು ಹೊರುವುದನ್ನು ನೋಡುತ್ತ ಕೂತರು. ದಿನಾ ನಮ್ಮ ಕೆಲಸ ನೋಡುವುದೇ ಅವರ ಕೆಲಸ, ಆದರೆ ಅವತ್ತು ಯಾಕೋ ಅದು ಅವರಿಗೆ ಕಷ್ಟವಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಎದ್ದು ಜೇಬಿನಿಂದ ಗೋಡೆಯ ಡಬ್ಬಿಯ ಕೀಲಿಕೈ ತೆಗೆದು ಉಡಚವ್ವನ ಎದುರು ಹಿಡಿದರು.

"ಇದು ಇನ್ನ ನಿನ್ನ ಹತ್ರ ಇರ್ಲಿ. ಯಾರಿಗೆ ಫೋನು ಕೊಡಬೇಕು, ಯಾರಿಗೆ ಬ್ಯಾಡ, ನೀನ ನೋಡ್ಕೋ."

ದೊಡ್ಡ ದಾನ ಕೊಡುವವರ ದನಿಯಿತ್ತು. ನನಗೂ ಒಂದು ಕ್ಷಣ ಅನ್ನಿಸಿತು, ತಗೊಳ್ಳಲಿ, ಕೀಲಿಕೈ ನಮ್ಮದಾದರೆ ಸಾಕಲ್ಲ ಎಂದು. ಉಡಚವ್ವ ಕೊಡ ಇಳಿಸಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿದಳು. ಕೀಲಿಕೈಗೆ ಕೈ ಚಾಚಲಿಲ್ಲ.

"ಇನ್ನೊಬ್ಬರ ದನೀಗೆ ಕೀಲಿ ಹಾಕೂ ಕೆಲಸ ನನಗ ಬ್ಯಾಡ್ರಿ. ಫೋನು ನಮ್ಮ ನಮ್ಮ ಹತ್ರ ಇರ್ತಾವು. ಒಪ್ಪಿದ್ರ ಬರ್ತೀವಿ. ಇಲ್ಲಾಂದ್ರ ಇಲ್ಲ."

ಸಾಹೇಬರು ಕಾರಿನ ಕಡೆ ನೋಡಿದರು, ಗಡಿಯಾರ ನೋಡಿದರು. ಆಯಿತು ಎಂದರು. ತನಗೆ ಕೇಳಿಸಲಿಲ್ಲ ಎಂದಳು ಖಾಜಾಬಿ. ಅವರು ಇನ್ನೊಮ್ಮೆ, ನಲ್ಲಿಯ ಸದ್ದಿಗಿಂತ ಜೋರಾಗಿ ಆಯಿತು ಎಂದರು. ನೀರಿಗೂ ಕೇಳಿಸಿರಬೇಕು, ಸ್ವಲ್ಪ ಹೊತ್ತಿಗೆ ನಿಂತಿತು. ಕೊನೆಯ ಬಿಂದಿಗೆಯನ್ನು ಒಳಗಿಟ್ಟು ನಾವು ಹೊರಟೆವು.

ನಡೆದು ಬರುವಷ್ಟು ಹೊತ್ತಿಲ್ಲ, ಕಾರು ಹತ್ತಿ ಎಂದರು. ಬಾಗಿಲು ತೆಗೆದವರು ನಮ್ಮ ಒದ್ದೆ ಸೀರೆ, ಕೆಸರು ಕಾಲು ನೋಡಿ ಒಂದು ಉಸಿರಿನಷ್ಟು ತಡೆದರು. ಆದರೆ ಬಕೀಟಿನ ಬಣ್ಣ ಯಾರಿಗೂ ಕಾಯುವಂಥದ್ದಲ್ಲ. ನಾವು ಹಿಂದೆ ಒತ್ತೊತ್ತಾಗಿ ತುಂಬಿಕೊಂಡೆವು. ಸೀಟು ಮೆತ್ತಗಿತ್ತು, ನಾನು ಚೆನ್ನಾಗಿ ಒರಗಿ ಕೂತೆ. ಉಡಚವ್ವ ಮುಂದೆ ಸಾಹೇಬರ ಮಗ್ಗುಲಿಗೆ ಕೂತಳು. ಕಾರು ಊರು ದಾಟುತ್ತಿದ್ದ ಹಾಗೇ ಅವಳ ಫೋನಿನಲ್ಲಿ ಕೋಳಿ ಕೂಗಿತು. ರೂಪಾ.

ಉಡಚವ್ವ ಎತ್ತಿದಳು. ಅಷ್ಟು ದಿನದ ಮೇಲೆ ಮಗಳ ದನಿ. ಕೊಡಕ್ಕೆ ಮುಚ್ಚಳ ಹಾಕಿದೆಯಾ ಎಂದು ಕೇಳಿದಳು. ಬೆಕ್ಕು ಒಳಗೆ ಬಂದಿತ್ತಾ, ಮಧ್ಯಾಹ್ನ ಏನು ಉಂಡೆ, ಹೊರಗೆ ಒಣಗಲು ಹಾಕಿದ ಹಪ್ಪಳ ಒಳಗಿಟ್ಟೆಯಾ, ಹಸಿರು ಬಳೆ ಅಳತೆ ಸರಿಯಿದೆಯಾ ಎಂದು ಕೇಳಿದಳು. ಅತ್ತ ರೂಪಾ ಏನೋ ಹೇಳಿ ನಗುತ್ತಿದ್ದುದು ನಮಗೂ ಕೇಳಿಸಿತು. ಸಾಹೇಬರು ಎರಡು ಸಲ ಕೆಮ್ಮಿದರು. ಉಡಚವ್ವ ದನಿಯನ್ನು ಇನ್ನಷ್ಟು ಏರಿಸಿದಳು. ಕಾರ್ಖಾನೆಯ ಗೇಟು ಬರುವ ತನಕ ತಾಯಿ ಮಗಳು ಮಾತಾಡಿದರು. ಅದರಲ್ಲಿ ಮುಖ್ಯವಾದ ಮಾತು ಒಂದೂ ಇರಲಿಲ್ಲ.